ತಿರುಗುವ ಫ್ಯಾನಿಗೂ ಧೂಳೇ?

ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ. "ಸಾರ್, ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಕಾಗದವೆಲ್ಲ ಹಾರಿಹೋಗುತ್ತೆ. ಆದರೆ ಅದರ ರೆಕ್ಕೆ ಮೇಲೆ ಕೂತಿರೋ ಧೂಳು ಮಾತ್ರ ಯಾಕೆ ಹಾರೋಲ್ಲ?" ತರಗತಿಯಲ್ಲಿ ನಗು ಏಳುತ್ತದೆ. ಆದರೆ ನಗುವಂಥ ಪ್ರಶ್ನೆ ಇದಲ್ಲ. ವಿಮಾನದ ರೆಕ್ಕೆಯನ್ನು ರೂಪಿಸುವವರೂ ತಲೆ ಕೆಡಿಸಿಕೊಂಡ ವಿಷಯ ಇದರೊಳಗಿದೆ.

ಮೊದಲು ವೇಗದ ಲೆಕ್ಕ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 48 ಅಂಗುಲದ, ಅಂದರೆ 1200 ಮಿಲಿಮೀಟರಿನ ಸೀಲಿಂಗ್ ಫ್ಯಾನು. ಅದು ಒಂದು ಸುತ್ತು ತಿರುಗಿದಾಗ ರೆಕ್ಕೆಯ ತುದಿ ಸುಮಾರು 3.77 ಮೀಟರ್ ಸಾಗುತ್ತದೆ. ನಿಮಿಷಕ್ಕೆ 350 ಸುತ್ತು ಎಂದಿಟ್ಟುಕೊಂಡರೆ ತುದಿಯ ವೇಗ ಸೆಕೆಂಡಿಗೆ 22 ಮೀಟರ್. ಗಂಟೆಯ ಲೆಕ್ಕದಲ್ಲಿ 79 ಕಿಲೋಮೀಟರ್! ಹೆದ್ದಾರಿಯ ಬಸ್ಸಿನ ಛಾವಣಿಯ ಮೇಲೆ ಧೂಳು ಕುಳಿತು ಪ್ರಯಾಣ ಮಾಡಿದಂತೆ. ವಾಸ್ತವವಾಗಿ ಬಸ್ಸಿನ ಮೇಲೂ ಧೂಳು ಹಾಗೆಯೇ ಕುಳಿತಿರುತ್ತದೆ ಎನ್ನುವುದನ್ನು ಊರಿಗೆ ಹೋಗಿ ಬಂದ ಮಕ್ಕಳು ನೋಡಿಯೇ ಇರುತ್ತಾರೆ.

ಕಾರಣವಿಷ್ಟೆ. ಗಾಳಿ ಯಾವುದೇ ಮೇಲ್ಮೈಯನ್ನು ಉಜ್ಜಿಕೊಂಡು ಹೋಗುವಾಗ ಅದಕ್ಕೆ ತಾಗಿಕೊಂಡಿರುವ ಅತಿ ತೆಳುವಾದ ಪದರ ಆ ಮೇಲ್ಮೈಗೇ ಅಂಟಿಕೊಂಡು ನಿಲ್ಲುತ್ತದೆ. ಅದರ ಮೇಲಿನ ಪದರ ಸ್ವಲ್ಪ ಜಾರುತ್ತದೆ, ಅದಕ್ಕೂ ಮೇಲಿನದು ಇನ್ನಷ್ಟು. ಹೀಗೆ ಮೇಲ್ಮೈಯಿಂದ ದೂರ ಹೋದಂತೆ ಮಾತ್ರ ಗಾಳಿಗೆ ಪೂರ್ಣ ವೇಗ ಬರುತ್ತದೆ. ಇದನ್ನು ಮೊದಲು ಸರಿಯಾಗಿ ವಿವರಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್, 1904ರಲ್ಲಿ. ಧೂಳಿನ ಕಣ ಈ ನಿಧಾನದ ಪದರದೊಳಗೆ ಅಡಗಿ ಕೂರುವಷ್ಟು ಚಿಕ್ಕದು. ಬಿರುಗಾಳಿಯಲ್ಲಿ ಮರ ಉರುಳಿದರೂ ಬುಡದ ಹುಲ್ಲು ಅಲುಗದೆ ಉಳಿದಂತೆ. ಅಡುಗೆಮನೆಯಲ್ಲಿ ಒಂದು ತಟ್ಟೆಯ ಮೇಲೆ ಸ್ವಲ್ಪ ರಾಗಿ ಹಿಟ್ಟು ಉದುರಿಸಿ ಊದಿ ನೋಡಿದರೆ ಸಾಕು. ಮೇಲಿನ ಹಿಟ್ಟೆಲ್ಲ ಹಾರಿದರೂ ತಟ್ಟೆಗೆ ಅಂಟಿದ ತೆಳ್ಳನೆಯ ಮಬ್ಬು ಎಷ್ಟು ಊದಿದರೂ ಹೋಗುವುದಿಲ್ಲ, ಬೆರಳಿನಿಂದಲೇ ಒರೆಸಬೇಕು.

ಇದರ ಜೊತೆಗೆ ಅಂಟು ಬೇರೆ. ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಇವೆಲ್ಲ ಮೇಲೇರಿ ರೆಕ್ಕೆಗೆ ಬಡಿಯುತ್ತವೆ. ಎಣ್ಣೆಯ ಅಂಶ ಒಮ್ಮೆ ಹತ್ತಿತೆಂದರೆ ಹತ್ತಿಯ ನಾರು, ಮಣ್ಣಿನ ಕಣ, ಮೈಯಿಂದ ಉದುರಿದ ಚರ್ಮದ ಹೊಟ್ಟು ಎಲ್ಲವೂ ಬಂದು ಕೂರುತ್ತವೆ. ತಿರುಗುವಾಗ ಮುಂದೆ ನುಗ್ಗುವ ಅಂಚಿನಲ್ಲಿ ಕೊಳೆ ಹೆಚ್ಚು, ಹಿಂದಿನ ಅಂಚಿನಲ್ಲಿ ಕಡಿಮೆ. ಗಾಳಿ ರೆಕ್ಕೆಯನ್ನು ಬಳಸಿ ಪಕ್ಕಕ್ಕೆ ತಿರುಗಿಕೊಂಡು ಹೋಗುತ್ತದೆ. ಗಾಳಿಗಿಂತ ಭಾರವಾದ ಕಣಕ್ಕೆ ಅಷ್ಟು ಬೇಗ ತಿರುಗಲಾಗದೆ ನೇರವಾಗಿ ಬಂದು ಡಿಕ್ಕಿ ಹೊಡೆಯುತ್ತದೆ. ಪಠ್ಯಪುಸ್ತಕದಲ್ಲಿ ಓದಿದ ಜಡತ್ವ ಇದೇ. ಕಪ್ಪಗಾದ ಅಂಚನ್ನು ನೋಡಿಯೇ ಫ್ಯಾನು ಯಾವ ದಿಕ್ಕಿಗೆ ತಿರುಗುತ್ತದೆಂದು ನಿಂತ ಫ್ಯಾನಿನಲ್ಲೂ ಹೇಳಬಹುದು.

ಈ ಧೂಳಿನಿಂದ ತೊಂದರೆ ಏನು? ಸ್ವಚ್ಛ ಮಾಡಿದ ಕೂಡಲೇ ಫ್ಯಾನು ಎರಡು ಪಟ್ಟು ಗಾಳಿ ಬೀಸುತ್ತದೆ ಎಂದು ಕೆಲವರು ನಂಬುತ್ತಾರೆ. ಅಷ್ಟೆಲ್ಲ ಆಗುವುದಿಲ್ಲ. ಒರಟಾದ ಅಂಚಿನಿಂದ ಗಾಳಿ ಸ್ವಲ್ಪ ತಗ್ಗುತ್ತದೆ, ನಿಜ. ಅದಕ್ಕಿಂತ ಮುಖ್ಯವಾದದ್ದು ಎರಡಿವೆ. ಗಟ್ಟಿಯಾದ ಕೊಳೆ ಚೂರುಚೂರಾಗಿ ಉದುರಿ ಕೆಳಗೆ ಮಲಗಿದವರ ಮೂಗಿಗೆ ಸೇರುವುದು ಮೊದಲನೆಯದು. ದಮ್ಮು, ಅಲರ್ಜಿಯ ಸೀನು ಇರುವ ಮಕ್ಕಳ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಎರಡನೆಯದು ತೂಕದ ವಿಷಯ. ಮೂರೂ ರೆಕ್ಕೆಗಳ ಮೇಲೆ ಸಮನಾಗಿ ಧೂಳು ಕುಳಿತಿದ್ದರೆ ಫ್ಯಾನಿಗೆ ಅಂಥ ಬಾಧೆಯಿಲ್ಲ. ಕಷ್ಟ ಬರುವುದು ಅರ್ಧಂಬರ್ಧ ಸ್ವಚ್ಛ ಮಾಡಿದಾಗ! ಮಂಚದ ಮೇಲೆ ನಿಂತು ಕೈಗೆ ಸಿಕ್ಕ ಒಂದು ರೆಕ್ಕೆಯನ್ನು ಚೆನ್ನಾಗಿ ಉಜ್ಜಿ, ಉಳಿದೆರಡನ್ನು 'ನಾಳೆ ನೋಡೋಣ' ಎಂದು ಬಿಟ್ಟರೆ ಅಲ್ಲಿಂದ ಫ್ಯಾನು ಓಲಾಡತೊಡಗುತ್ತದೆ.

ಎಷ್ಟು ಬಲದಿಂದ ಓಲಾಡುತ್ತದೆ ಎಂಬುದನ್ನು ಒಂಬತ್ತನೇ ತರಗತಿ ದಾಟಿದವರು ಲೆಕ್ಕ ಹಾಕಬಹುದು. ಒಂದು ರೆಕ್ಕೆಯ ತುದಿಯಲ್ಲಿ, ಕೇಂದ್ರದಿಂದ 0.6 ಮೀಟರ್ ದೂರದಲ್ಲಿ, ಕೇವಲ 10 ಗ್ರಾಂ ಹೆಚ್ಚಿಗೆ ಇದೆ ಎನ್ನೋಣ. ನಿಮಿಷಕ್ಕೆ 350 ಸುತ್ತಿನಲ್ಲಿ ಆ 10 ಗ್ರಾಂ ಹೊರಕ್ಕೆ ಎಳೆಯುವ ಬಲ ಸುಮಾರು 8 ನ್ಯೂಟನ್. ಮುಕ್ಕಾಲು ಕಿಲೋಗಿಂತ ಹೆಚ್ಚು ತೂಕದ ಚೀಲವೊಂದನ್ನು ಫ್ಯಾನಿನ ಪಕ್ಕಕ್ಕೆ ಕಟ್ಟಿ ಎಳೆದಂತೆ. ಅದೂ ಒಂದೇ ದಿಕ್ಕಿಗಲ್ಲ, ಸೆಕೆಂಡಿಗೆ ಸುಮಾರು ಆರು ಸಲ ಸುತ್ತಲೂ ದಿಕ್ಕು ಬದಲಿಸುತ್ತ. ಹಗಲೂ ರಾತ್ರಿ ಹೀಗೆ ಜಗ್ಗಿದರೆ ಕೊಕ್ಕೆಯ ಬೋಲ್ಟು ಸಡಿಲವಾಗದೆ ಇನ್ನೇನಾದೀತು? ಆದ್ದರಿಂದ ಒರೆಸಿದರೆ ಮೂರನ್ನೂ ಒರೆಸಬೇಕು, ಮೇಲ್ಭಾಗವನ್ನೂ ಕೆಳಭಾಗವನ್ನೂ ಒಂದೇ ದಿನ.

ಒರೆಸುವ ಮೊದಲು ವಿದ್ಯುತ್ತಿನ ಮಾತು. ಇಲ್ಲಿ ಅವಸರ ಸಲ್ಲದು.

ಗೋಡೆಯ ಸ್ವಿಚ್ ಆರಿಸಿದರೆ ಸಾಕು ಎನ್ನುವುದು ಹೆಚ್ಚಿನವರ ನಂಬಿಕೆ. ವೈರಿಂಗ್ ಸರಿಯಿದ್ದರೆ ಸ್ವಿಚ್ಚು ಫೇಸ್ ತಂತಿಯನ್ನು ಕತ್ತರಿಸುತ್ತದೆ, ಫ್ಯಾನಿಗೆ ವಿದ್ಯುತ್ತು ತಲುಪುವುದೇ ಇಲ್ಲ. ಆದರೆ ಹಳೆಯ ಮನೆಗಳಲ್ಲಿ, ಅಥವಾ ತಿಳಿಯದವರು ಕೈಯಾಡಿಸಿದ ಕಡೆ, ಸ್ವಿಚ್ಚು ನ್ಯೂಟ್ರಲ್ ತಂತಿಯಲ್ಲಿ ಕುಳಿತಿರುವುದುಂಟು. ಆಗಲೂ ಸ್ವಿಚ್ ಆರಿಸಿದರೆ ಫ್ಯಾನು ನಿಲ್ಲುತ್ತದೆ. ಆದರೆ ಫ್ಯಾನಿನ ತಂತಿಯಲ್ಲಿ 230 ವೋಲ್ಟು ಹಾಗೆಯೇ ನಿಂತಿರುತ್ತದೆ. ನಲ್ಲಿ ಮುಚ್ಚಿದಾಗ ನೀರು ಹರಿಯದಿದ್ದರೂ ಪೈಪಿನ ತುಂಬ ಒತ್ತಡದ ನೀರು ಇದ್ದೇ ಇರುತ್ತದಲ್ಲ, ಹಾಗೆ. ನಿಂತ ಫ್ಯಾನು ಎಂದರೆ ವಿದ್ಯುತ್ತಿಲ್ಲದ ಫ್ಯಾನು ಎಂದು ಅರ್ಥವಲ್ಲ. ಹೀಗಾಗಿ ಮೇನ್ ಸ್ವಿಚ್ಚನ್ನೇ ಆರಿಸಬೇಕು.

ಅದರಲ್ಲೂ ಒಂದು ತೊಡಕಿದೆ. ಈಗ ಅನೇಕ ಮನೆಗಳಲ್ಲಿ ಯುಪಿಎಸ್ ಅಥವಾ ಇನ್ವರ್ಟರ್ ಇದೆ. ಮೇನ್ ಆರಿಸಿದ ಮರುಕ್ಷಣ ಅದು 'ಕರೆಂಟು ಹೋಯಿತು' ಎಂದು ತಿಳಿದು ಬ್ಯಾಟರಿಯಿಂದ ಅದೇ 230 ವೋಲ್ಟನ್ನು ಫ್ಯಾನಿನ ಲೈನಿಗೆ ಕೊಡತೊಡಗುತ್ತದೆ. ಮೇನ್ ಆರಿಸಿದ ಧೈರ್ಯದಲ್ಲಿ ಏಣಿ ಹತ್ತಿದವರಿಗೆ ಇದು ಬಲೆ. ಇನ್ವರ್ಟರನ್ನೂ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಆಮೇಲೆ ಮುಂದಿನ ಮಾತು. ಹೀಗೆಯೇ, ಕರೆಂಟು ಹೋದ ಹೊತ್ತು ನೋಡಿ 'ಈಗ ಹೇಗೂ ಕರೆಂಟಿಲ್ಲ, ಫ್ಯಾನು ಒರೆಸಿಬಿಡೋಣ' ಎಂದು ಸ್ವಿಚ್ ಆರಿಸದೆಯೇ ಹತ್ತುವ ಅಭ್ಯಾಸವೂ ಕೆಟ್ಟದ್ದು. ಹೋದ ಕರೆಂಟು ಯಾರಿಗೂ ಹೇಳಿ ಬರುವುದಿಲ್ಲ. ಮುಖದ ಮಟ್ಟಕ್ಕೆ ರೆಕ್ಕೆಯಿರುವಾಗ ಅದು ಬಂದರೆ ಆಘಾತಕ್ಕಿಂತ ಮೊದಲು ರೆಕ್ಕೆಯೇ ಹೊಡೆಯುತ್ತದೆ.

ಫ್ಯಾನಿನ ಕೆಲಸದಲ್ಲಿ ವಿದ್ಯುತ್ತಿನಷ್ಟೇ ಹೆದರಬೇಕಾದದ್ದು ಎತ್ತರಕ್ಕೆ. ಮಂಚದ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸ್ಟೂಲು ಎಂಬ ಗೋಪುರವನ್ನು ಕಟ್ಟದ ಮನೆಯೇ ಇಲ್ಲವೇನೋ! ಹಾಸಿಗೆಯ ಮೇಲಿನ ಕುರ್ಚಿಗೆ ನಾಲ್ಕು ಕಾಲಿದ್ದರೂ ನೆಲೆಯಿಲ್ಲ. ಮಂಚ ಸರಿಸಿ, ನೆಲದ ಮೇಲೆ ಗಟ್ಟಿಯಾದ ಮೇಜನ್ನೋ ಏಣಿಯನ್ನೋ ಇಟ್ಟು, ಕೆಳಗೊಬ್ಬರು ಹಿಡಿದುಕೊಳ್ಳಬೇಕು. ಭಾನುವಾರ ಪುರವಣಿ ಓದುತ್ತ ಕುಳಿತ ಮನೆಯ ಯಜಮಾನರು ಈ ಕೆಲಸಕ್ಕೆ ಏಳಬಹುದು. ಹತ್ತುವವರು ದೊಡ್ಡವರೇ ಆಗಿರಲಿ. ಮಕ್ಕಳ ಪಾಲಿಗೆ ಬಟ್ಟೆ ಹಿಂಡಿಕೊಡುವುದು, ಕೆಳಗೆ ಹಳೆಯ ಪತ್ರಿಕೆ ಹಾಸುವುದು, ಸ್ವಿಚ್ಚಿನ ಬಳಿ ಯಾರೂ ಹೋಗದಂತೆ ಕಾವಲು ಕಾಯುವುದು ಇವೆಲ್ಲ ಇವೆ. ಕಾವಲು ಕಾಯುವ ಕೆಲಸ ಚಿಕ್ಕದೆಂದು ತಿಳಿಯಬಾರದು.

ಒರೆಸುವುದಕ್ಕೆ ದುಬಾರಿ ಸಾಮಾನೇನೂ ಬೇಡ. ಹಳೆಯ ದಿಂಬಿನ ಕವರೊಂದಿದ್ದರೆ ಸಾಕು. ರೆಕ್ಕೆಗೆ ಅದನ್ನು ಚೀಲದಂತೆ ತೊಡಿಸಿ, ಎರಡು ಕೈಯಿಂದ ಮೇಲೂ ಕೆಳಗೂ ಮೆಲ್ಲಗೆ ಒತ್ತಿ ತುದಿಯ ಕಡೆಗೆ ಎಳೆದರೆ ಸಡಿಲವಾದ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ. ಕಣ್ಣಿಗೂ ಬೀಳದು, ಹಾಸಿಗೆಗೂ ಬೀಳದು. ಉದ್ದ ಪೊರಕೆಯಿಂದ ಕೆಳಗಿನಿಂದಲೇ ಬಡಿಯುವವರು ಧೂಳನ್ನು ಮನೆಯಿಂದ ತೆಗೆಯುವುದಿಲ್ಲ, ಫ್ಯಾನಿನಿಂದ ತೆಗೆದು ಮನೆಗೆಲ್ಲ ಹಂಚುತ್ತಾರೆ. ಆಮೇಲೆ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೊನೆಗೆ ಒಣಬಟ್ಟೆ. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದಲೇ ಜಿಡ್ಡು ಬಿಡುತ್ತದೆ. ಜಿಡ್ಡು ಗಟ್ಟಿಯಿದೆಯೆಂದು ವಾಷಿಂಗ್ ಸೋಡಾ ಹಾಕಬಾರದು. ಹೆಚ್ಚಿನ ರೆಕ್ಕೆಗಳು ಅಲ್ಯೂಮಿನಿಯಮ್ಮಿನವು. ಬಣ್ಣ ಎದ್ದ ಕಡೆ ಸೋಡಾದ ಕ್ಷಾರ ಆ ಲೋಹವನ್ನೇ ತಿನ್ನುತ್ತದೆ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವುದಂತೂ ಮುಂದಿನ ತಿಂಗಳ ಧೂಳಿಗೆ ಮಣೆ ಹಾಕಿ ಕರೆದಂತೆ.

ಮೋಟಾರಿನ ಬಟ್ಟಲಿಗೆ ಒಣಬಟ್ಟೆ ಮಾತ್ರ. ಅದರಲ್ಲಿ ರಂಧ್ರಗಳಿದ್ದರೆ ಒಣ ಬ್ರಷ್ಷಿನಿಂದ ಧೂಳು ಬಿಡಿಸಬಹುದು. ಒಳಗಿನ ಶಾಖ ಹೊರಬರಲು ಇರುವ ದಾರಿ ಅದು. ನೀರು ಚಿಮುಕಿಸಲೇಬಾರದು. ಇಷ್ಟೆಲ್ಲ ಮಾಡುವಾಗ ರೆಕ್ಕೆಯನ್ನು ಆಸರೆಗೆ ಹಿಡಿದು ಜೋತುಬೀಳಬಾರದು. ಒಂದು ರೆಕ್ಕೆ ತುಸು ಬಗ್ಗಿದರೂ ಮತ್ತೆ ಓಲಾಟ. ಬಗ್ಗಿದೆಯೇ ಎಂದು ನೋಡಲು ಸುಲಭ ಉಪಾಯವಿದೆ. ಒಂದು ರೆಕ್ಕೆಯ ತುದಿಯಿಂದ ಸೂರಿನವರೆಗಿನ ದೂರವನ್ನು ಟೇಪಿನಲ್ಲಿ ಅಳೆದು, ಟೇಪನ್ನು ಅಲ್ಲೇ ಹಿಡಿದು, ಉಳಿದೆರಡು ರೆಕ್ಕೆಗಳನ್ನು ಅದೇ ಜಾಗಕ್ಕೆ ತಿರುಗಿಸಿ ಅಳೆಯುವುದು. ಮೂರೂ ಒಂದೇ ಬರಬೇಕು. ರೆಕ್ಕೆಗಳನ್ನು ಕಾರ್ಖಾನೆಯಲ್ಲಿ ತೂಕ ನೋಡಿ ಜೊತೆ ಮಾಡಿರುತ್ತಾರೆ. ಆದ್ದರಿಂದ ಎರಡು ಫ್ಯಾನುಗಳನ್ನು ಒಟ್ಟಿಗೆ ಬಿಚ್ಚಿದಾಗ ಒಂದರ ರೆಕ್ಕೆ ಇನ್ನೊಂದಕ್ಕೆ ಹೋಗದಂತೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುವುದು ಲೇಸು.

ಇನ್ನು, ಹತ್ತಿದವರು ಇಳಿಯುವ ಮೊದಲು ನೋಡಲೇಬೇಕಾದ ಒಂದು ಜಾಗವಿದೆ. ಆಯುಧಪೂಜೆಗೆ ಫ್ಯಾನನ್ನು ಫಳಫಳ ಹೊಳೆಯಿಸಿ ಕುಂಕುಮ ಇಡುವ ಮನೆಯವರೂ ಇದನ್ನು ನೋಡುವುದಿಲ್ಲ. ಸೂರಿಗೆ ತಾಗಿದಂತೆ ಫ್ಯಾನಿನ ಕಂಬಿಯ ಮೇಲ್ತುದಿಯಲ್ಲಿ ಒಂದು ಪ್ಲಾಸ್ಟಿಕ್ ಅಥವಾ ತಗಡಿನ ಬಟ್ಟಲು ಇರುತ್ತದೆ. ಅದರ ಸ್ಕ್ರೂ ಸಡಿಲಿಸಿ ಕೆಳಗಿಳಿಸಿದರೆ ಒಳಗೆ ಸೂರಿನ ಕಬ್ಬಿಣದ ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ರಬ್ಬರಿನ ಗಾಲಿ, ಅದರ ನಡುವೆ ತೂರಿದ ಬೋಲ್ಟು, ಬೋಲ್ಟಿಗೆ ನಟ್ಟು, ನಟ್ಟಿನ ಆಚೆ ಒಂದು ಸಣ್ಣ ಇಕ್ಕಳದಂಥ ತಂತಿ ಕಾಣುತ್ತವೆ. ಈ ತಂತಿಗೆ ಸ್ಪ್ಲಿಟ್ ಪಿನ್ ಎಂದು ಹೆಸರು. ಬೋಲ್ಟಿನ ರಂಧ್ರದೊಳಗೆ ತೂರಿಸಿ ಎರಡು ಕಾಲುಗಳನ್ನೂ ಅಗಲಿಸಿ ಬಗ್ಗಿಸಿರುತ್ತಾರೆ. ಫ್ಯಾನಿನ ನಡುಕಕ್ಕೆ ನಟ್ಟು ದಿನಕ್ಕಿಷ್ಟೆಂದು ಬಿಚ್ಚಿಕೊಂಡರೂ ಬೋಲ್ಟು ಹೊರಬೀಳದಂತೆ ಕಾಯುವುದು ಇದೊಂದೇ. ಬೆಲೆ ಕೆಲವೇ ರೂಪಾಯಿ. ಫ್ಯಾನನ್ನು ಒಮ್ಮೆ ಇಳಿಸಿ ಮತ್ತೆ ಏರಿಸುವಾಗ ಇದು ಕೆಳಗೆ ಬಿದ್ದು ಎಲ್ಲೋ ಉರುಳಿಹೋಗಿ, 'ನಟ್ಟು ಬಿಗಿಯಾಗಿದೆಯಲ್ಲ' ಎಂದು ಹಾಗೆಯೇ ಮುಚ್ಚಿಬಿಡುವುದು ನಡೆಯುತ್ತದೆ. ನಾಲ್ಕು ಕಿಲೋ ತೂಗುವ, ತಿರುಗುತ್ತಿರುವ ಯಂತ್ರ ಬೀಳುವುದು ಆಗಲೇ. ಇಂಥದೇ ಪಿನ್ನು ಮತ್ತು ಬೋಲ್ಟು ಕಂಬಿಯ ಕೆಳತುದಿಯಲ್ಲಿ, ಮೋಟಾರಿನ ಮೇಲೆಯೂ ಇರುತ್ತವೆ. ರಬ್ಬರ್ ಗಾಲಿ ಬಿರುಕು ಬಿಟ್ಟಿದ್ದರೆ, ಸವೆದು ಕೊಕ್ಕೆಯ ಕಬ್ಬಿಣ ಬೋಲ್ಟಿಗೆ ಉಜ್ಜುತ್ತಿದ್ದರೆ, ಕೊಕ್ಕೆಯೇ ತುಕ್ಕು ಹಿಡಿದು ಸಣ್ಣಗಾಗಿದ್ದರೆ ಅಂದೇ ಎಲೆಕ್ಟ್ರೀಷಿಯನ್ನನ್ನು ಕರೆಸಬೇಕು. ಅವರು ಬರುವವರೆಗೆ ಮಕ್ಕಳ ಹಾಸಿಗೆ ಬೇರೆ ಕಡೆ. ಕರಾವಳಿಯ ಉಪ್ಪುಗಾಳಿಯ ಊರುಗಳಲ್ಲಿ ಕೊಕ್ಕೆಯನ್ನು ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಕೊಕ್ಕೆ ಕೂತಿರುವ ಮರದ ತೊಲೆಗೆ ಗೆದ್ದಲು ಹತ್ತಿದೆಯೇ ಎಂಬುದನ್ನೂ.

ಸ್ವಚ್ಛವಾಗಿಯೂ ಗಟ್ಟಿಯಾಗಿಯೂ ಇರುವ ಫ್ಯಾನು ನಿಧಾನವಾಗಿದೆಯೆಂದರೆ? ಹತ್ತರಲ್ಲಿ ಹೆಚ್ಚಿನ ಸಲ ತಪ್ಪು ಕೆಪಾಸಿಟರಿನದು. ಅಂಗಡಿಗಳಲ್ಲಿ ಇದನ್ನು ಕಂಡೆನ್ಸರ್ ಎಂದೇ ಕೇಳುವ ರೂಢಿ. ಮನೆಗೆ ಬರುವುದು ಒಂಟಿ ಫೇಸಿನ ವಿದ್ಯುತ್ತು. ಅದೊಂದರಿಂದಲೇ ಹುಟ್ಟುವ ಕಾಂತಕ್ಷೇತ್ರ ಹಿಂದೆ ಮುಂದೆ ಮಿಡಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಒಂದೇ ಪೆಡಲಿರುವ ಸೈಕಲ್ಲಿನಂತೆ. ಪೆಡಲು ಮೇಲ್ತುದಿಯಲ್ಲಿದ್ದಾಗ ಎಷ್ಟು ತುಳಿದರೂ ಹೊರಡದು, ಯಾರಾದರೂ ತಳ್ಳಿದರೆ ಹೊರಟೀತು. ಮೋಟಾರಿನಲ್ಲಿ ಎರಡನೆಯ ಸುರುಳಿಯೊಂದಿದ್ದು, ಅದರ ಪ್ರವಾಹ ಕಾಲು ಆವರ್ತದಷ್ಟು ಮೊದಲೇ ಏರಿಳಿಯುವಂತೆ ಮಾಡುವುದು ಕೆಪಾಸಿಟರಿನ ಕೆಲಸ. ಆಗ ಎರಡನೆಯ ಪೆಡಲು ಸಿಕ್ಕಂತಾಗಿ ಕ್ಷೇತ್ರ ಸುತ್ತುತ್ತದೆ. ಅದರೊಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ತೆಳು ಲೇಪವಿರುತ್ತದೆ. ವರ್ಷಗಳು ಕಳೆದಂತೆ ಅದು ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಸುಟ್ಟುಹೋಗಿ ಧಾರಕತೆ ಕುಗ್ಗುತ್ತದೆ. ಮೊದಲು ವೇಗ ತಗ್ಗುವುದು, ಆಮೇಲೆ ಸ್ವಿಚ್ ಹಾಕಿದರೆ ಗುಂಯ್‌ಗುಟ್ಟುತ್ತ ನಿಲ್ಲುವುದು, ಕೋಲಿನಿಂದ ತಳ್ಳಿದರೆ ತಿರುಗುವುದು. ಪೂರ್ತಿ ಸತ್ತ ಕೆಪಾಸಿಟರಿನ ಫ್ಯಾನನ್ನು ಯಾವ ಕಡೆಗೆ ತಳ್ಳಿದರೆ ಆ ಕಡೆಗೇ ತಿರುಗುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಮೋಜಿನ ವಿಷಯ. ಆದರೆ ದಿನಗಟ್ಟಲೆ ಕೋಲಿನಿಂದ ತಳ್ಳಿ ಓಡಿಸುವ ಮನೆಗಳಲ್ಲಿ ಸುರುಳಿ ಕಾದು ಸುಟ್ಟು, ಅಗ್ಗದ ರಿಪೇರಿ ದುಬಾರಿಯಾಗುತ್ತದೆ.

ಕೆಪಾಸಿಟರಿನ ಮೇಲೆ ಅದರ ಬೆಲೆ ಮೈಕ್ರೋಫ್ಯಾರಡ್‌ನಲ್ಲಿ ಅಚ್ಚಾಗಿರುತ್ತದೆ. ಬಹಳ ಫ್ಯಾನುಗಳಲ್ಲಿ ಅದು 2.5. ಹೊಸದೂ ಅಷ್ಟೇ ಇರಬೇಕು. ಹೆಚ್ಚಿನದು ಹಾಕಿದರೆ ಗಾಳಿ ಜೋರು ಬರುತ್ತದೆಂದು ಹೇಳುವ ಮೆಕ್ಯಾನಿಕ್ಕುಗಳಿದ್ದಾರೆ. ಮೋಟಾರು ಅದಕ್ಕಾಗಿ ಮಾಡಿದ್ದಲ್ಲ, ಕಾಯುತ್ತದೆ. ಬದಲಿಸುವ ಕೆಲಸ ಬಲ್ಲವರದ್ದೇ. ಸಾಮಾನ್ಯವಾಗಿ ಸ್ವಿಚ್ ಆರಿಸಿದ ಮೇಲೆ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಸುರುಳಿಗಳ ಮೂಲಕವೇ ಬರಿದಾಗುತ್ತದೆ. ಆದರೆ ಸುರುಳಿ ಒಳಗೇ ತುಂಡಾಗಿದ್ದರೆ ಹಾಗಾಗದು. ಆಗ ಅದು ಮುಟ್ಟಿದವರ ಬೆರಳಿನಲ್ಲಿ ಬರಿದಾಗುತ್ತದೆ.

ರೆಗ್ಯುಲೇಟರಿನ ಬಗ್ಗೆ ಮನೆಗಳಲ್ಲಿ ಆಗಾಗ ಜಗಳವಾಗುವುದುಂಟು. ಒಂದರಲ್ಲಿಟ್ಟರೆ ಕರೆಂಟು ಉಳಿಯುತ್ತದೆಯೇ? ಹಳೆಯ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್ ಆದರೆ ಉಳಿತಾಯ ಅತ್ಯಲ್ಪ; ಫ್ಯಾನಿಗೆ ತಪ್ಪಿಸಿದ ವಿದ್ಯುತ್ತಿನ ಬಹುಪಾಲನ್ನು ಅದು ತನ್ನ ತಂತಿಯಲ್ಲಿ ಬಿಸಿ ಮಾಡಿ ಕಳೆಯುತ್ತದೆ. ಡಬ್ಬಿ ಮುಟ್ಟಿದರೆ ಬೆಚ್ಚಗಿರುವುದೇ ಸಾಕ್ಷಿ. ಸ್ವಿಚ್ ಬೋರ್ಡಿನಲ್ಲೇ ಕೂರುವ ಎಲೆಕ್ಟ್ರಾನಿಕ್ ಗುಂಡಿಯಾದರೆ ನಿಜವಾಗಿಯೂ ಉಳಿಯುತ್ತದೆ. ಈಚೆಗೆ ಬಂದಿರುವ ಬಿಎಲ್‌ಡಿಸಿ ಫ್ಯಾನುಗಳಿಗೆ ವೇಗ ಬದಲಿಸುವ ಸಾಧನ ಅವುಗಳೊಳಗೇ ಇರುತ್ತದೆ. ಅವನ್ನು ಹಳೆಯ ರೆಗ್ಯುಲೇಟರಿನ ಮೂಲಕ ಓಡಿಸಬಾರದು. ಸಾಮಾನ್ಯ ಫ್ಯಾನು 75 ವ್ಯಾಟ್ ಬಳಸುವ ಕಡೆ ಇವು 30 ವ್ಯಾಟಿನ ಆಸುಪಾಸಿನಲ್ಲಿ ಮುಗಿಸುತ್ತವೆ. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ಹದಿಮೂರೂವರೆ ಯೂನಿಟ್ಟಿನ ಅಂತರ. ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಚೀಟಿ 2023ರ ಜನವರಿ 1ರಿಂದ ಕಡ್ಡಾಯವಾಗಿರುವುದರಿಂದ ಕೊಳ್ಳುವಾಗ ಹೋಲಿಸಿ ನೋಡುವುದು ಸುಲಭ.

ಯಾವ ಫ್ಯಾನೇ ಆಗಲಿ, ಕೋಣೆಯನ್ನು ತಂಪು ಮಾಡುವುದಿಲ್ಲ. ಬೆವರನ್ನು ಬೇಗ ಆರಿಸಿ ಮೈಯನ್ನು ತಂಪು ಮಾಡುತ್ತದೆ, ಅಷ್ಟೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ತನ್ನ ಮೋಟಾರಿನ ಶಾಖದಿಂದ ಆ ಕೋಣೆಯನ್ನು ಚೂರು ಬಿಸಿಯೇ ಮಾಡುತ್ತದೆ. ರಾಯಚೂರು, ಕಲಬುರಗಿಯ ಮಕ್ಕಳಿಗೆ ಇನ್ನೊಂದು ಮಾತು. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದಾಗ ಫ್ಯಾನಿನ ಗಾಳಿ ಮೈಗೆ ಶಾಖವನ್ನೇ ತುಂಬುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಮಧ್ಯಾಹ್ನ ಒದ್ದೆ ಬಟ್ಟೆ, ಪದೇ ಪದೇ ನೀರು, ನೆರಳು ಇವೇ ಗತಿ.

ಕೊನೆಗೆ ಎಣ್ಣೆಯ ಪ್ರಶ್ನೆ. ಇಂದಿನ ಸೀಲಿಂಗ್ ಫ್ಯಾನುಗಳಲ್ಲಿರುವುದು ಗ್ರೀಸು ತುಂಬಿ ಮುಚ್ಚಿದ ಬಾಲ್ ಬೇರಿಂಗ್. ಅದಕ್ಕೆ ಮೇಲಿನಿಂದ ಎಣ್ಣೆ ಬಿಟ್ಟರೆ ಒಳಗೆ ಹೋಗುವುದೂ ಇಲ್ಲ, ಹೋದರೆ ಒಳ್ಳೆಯದೂ ಅಲ್ಲ. ಕಟಕಟ ಸದ್ದು ಬಂದರೆ ಬೇರಿಂಗನ್ನೇ ಬದಲಿಸಬೇಕು. ಎಣ್ಣೆ ಬೇಡುವುದು ಟೇಬಲ್ ಫ್ಯಾನು. ಅದರ ದಂಡ ತಿರುಗುವುದು ಹಲವು ಮಾದರಿಗಳಲ್ಲಿ ಸಣ್ಣ ಹಿತ್ತಾಳೆ ಬಣ್ಣದ ಬುಷ್ಷಿನೊಳಗೆ. ಪ್ಲಗ್ಗು ಕಿತ್ತು, ಜಾಲರಿ ಬಿಚ್ಚಿ ತೊಳೆದು ಒಣಗಿಸಿ, ದಂಡಕ್ಕೆ ಸುತ್ತಿಕೊಂಡ ಕೂದಲು ಮತ್ತು ದಾರವನ್ನು ಬಿಡಿಸಿ, ಬುಷ್ಷಿನ ಬಾಯಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಕೈಯಿಂದ ತಿರುಗಿಸಿದರೆ ಆಯಿತು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಕೆಲವು ದಿನ ಸಲೀಸಾಗಿ ಓಡಿಸಿ ಆಮೇಲೆ ಅದು ಅಂಟಾಗುತ್ತದೆ. ಮೇಲಾಗಿ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿರುವ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದವರಿಗೆ ಬುಷ್ಷಿನೊಳಗೆ ಅದು ಏನಾಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.